ದ್ವೀಪದಲ್ಲಿ ಮೊದಲು ಕಾಣೆಯಾದ ಹುಡುಗ

ವಿಮಾನ ಬಿದ್ದಿದೆ, ದೊಡ್ಡವರು ಯಾರೂ ಬದುಕುಳಿದಿಲ್ಲ. ರಾಲ್ಫ್ ಎಂಬ ಹನ್ನೆರಡರ ಹುಡುಗ ಕಡಲಂಚಿನಲ್ಲಿ ಸಿಕ್ಕ ಶಂಖವನ್ನು ಊದುತ್ತಾನೆ. ಸದ್ದು ಕೇಳಿ ಕಾಡಿನೊಳಗಿಂದ ಒಬ್ಬೊಬ್ಬರೇ ಹುಡುಗರು ಹೊರಬರುತ್ತಾರೆ. ಒಂದು ಗುಂಪು ಮಾತ್ರ ಬೇರೆ ರೀತಿ ಬರುತ್ತದೆ. ಆ ಸುಡುಬಿಸಿಲಿನಲ್ಲೂ ಮೈತುಂಬ ಕಪ್ಪು ನಿಲುವಂಗಿ, ತಲೆಗೆ ಟೋಪಿ, ಎರಡು ಸಾಲಿನ ಕವಾಯತು. ಅದು ಚರ್ಚಿನಲ್ಲಿ ಹಾಡುವ ಕಾಯರ್ ತಂಡ. ಅದರ ಮುಂದಾಳು ಜ್ಯಾಕ್ ಮೆರಿಡ್ಯೂ. ಅವನು ನಿಲ್ಲಿ ಎಂದರೆ ನಿಲ್ಲುತ್ತಾರೆ. ನಿಂತಲ್ಲೇ ಒಬ್ಬ ಹುಡುಗ ತಲೆಸುತ್ತಿ ಬಿದ್ದ ಮೇಲೆಯೇ ಸಾಲು ಒಡೆಯುತ್ತದೆ.

ನಾಯಕ ಯಾರಾಗಬೇಕು ಎಂಬ ಮಾತು ಬರುತ್ತದೆ. ನಾನೇ ಆಗಬೇಕು, ಕಾಯರಿನ ಮುಖ್ಯ ಗಾಯಕ ನಾನು, ಸಿ ಶಾರ್ಪ್ ಸ್ವರವನ್ನು ಮುಟ್ಟಬಲ್ಲೆ ಎನ್ನುತ್ತಾನೆ ಜ್ಯಾಕ್. ಮತಕ್ಕೆ ಹಾಕಿದಾಗ ಕಾಯರ್ ಹುಡುಗರು ಮನಸ್ಸಿಲ್ಲದ ಮನಸ್ಸಿನಿಂದ ಅವನ ಪರ ಕೈ ಎತ್ತುತ್ತಾರೆ. ಉಳಿದವರೆಲ್ಲ ರಾಲ್ಫ್ ಕಡೆ. ಶಂಖ ಅವನ ಕೈಯಲ್ಲಿತ್ತು, ನೋಡಲು ಲಕ್ಷಣವಾಗಿದ್ದ ಎನ್ನುವುದು ಬಿಟ್ಟರೆ ಬೇರೆ ಕಾರಣವಿರಲಿಲ್ಲ. ಜ್ಯಾಕ್‌ನ ಮುಖ ಅವಮಾನದಿಂದ ಕೆಂಪೇರುತ್ತದೆ. ಅದನ್ನು ನೋಡಲಾರದೆ ರಾಲ್ಫ್, ಕಾಯರ್ ನಿನ್ನದೇ, ಅವರನ್ನು ಏನು ಬೇಕಾದರೂ ಮಾಡು ಎಂದು ಬಿಟ್ಟುಕೊಡುತ್ತಾನೆ. ಅವರು ಬೇಟೆಗಾರರಾಗಲಿ ಎನ್ನುತ್ತಾನೆ ಜ್ಯಾಕ್.

ವಿಲಿಯಂ ಗೋಲ್ಡಿಂಗ್ ಅವರ 'ಲಾರ್ಡ್ ಆಫ್ ದಿ ಫ್ಲೈಸ್' ಕಾದಂಬರಿ ಆರಂಭವಾಗುವುದು ಹೀಗೆ. ಪ್ರಕಟವಾದದ್ದು 1954ರಲ್ಲಿ. ಓದದವರಿಗೂ ಇದರ ಸಾರಾಂಶ ಗೊತ್ತು: ದೊಡ್ಡವರ ಹಿಡಿತ ತಪ್ಪಿದರೆ ಮಕ್ಕಳು ಮೃಗಗಳಾಗುತ್ತಾರೆ, ಮನುಷ್ಯನ ಹುಟ್ಟುಗುಣವೇ ಅದು. ಕಾಲೇಜಿನ ತರಗತಿಗಳಲ್ಲೂ ಗೈಡ್‌ಗಳಲ್ಲೂ ಈ ಸಾರಾಂಶವೇ ಓಡಾಡುತ್ತದೆ. ಕಾದಂಬರಿಯನ್ನು ನಿಧಾನವಾಗಿ ಓದಿದರೆ ಸಿಗುವುದು ಇದಲ್ಲ ಎಂದು ನನ್ನ ನಂಬಿಕೆ. ಅಲ್ಲಿ ಕ್ರೌರ್ಯ ಒಮ್ಮೆಗೇ ಸಿಡಿಯುವುದಿಲ್ಲ. ಸಣ್ಣ ಸಣ್ಣ ಮೆಟ್ಟಿಲುಗಳಲ್ಲಿ ಇಳಿಯುತ್ತದೆ, ಪ್ರತಿ ಮೆಟ್ಟಿಲಿಗೂ ಒಂದು ಸಮಜಾಯಿಷಿ ಇರುತ್ತದೆ. ಮೊದಲ ಮೆಟ್ಟಿಲು ಜ್ಯಾಕ್‌ನದ್ದೂ ಅಲ್ಲ.

ಮೊದಲ ದಿನದ ಸಭೆಗೇ ಬರೋಣ. ಪಿಗ್ಗಿ ಎಂಬ ದಪ್ಪ ಕನ್ನಡಕದ, ಆಸ್ತಮಾ ಇರುವ ಹುಡುಗ ಒಂದು ಕೆಲಸಕ್ಕೆ ಕೈಹಾಕುತ್ತಾನೆ. ಬಂದವರ ಹೆಸರು ಕೇಳುತ್ತಾ ಹೋಗುತ್ತಾನೆ. ಎಷ್ಟು ಜನ ಇದ್ದೇವೆ, ಯಾರು ಯಾರು ಇದ್ದೇವೆ ಎಂದು ಪಟ್ಟಿ ಮಾಡಬೇಕು ಎನ್ನುವುದು ಅವನ ಹಟ. ಯಾರಿಗೂ ಅದು ಮುಖ್ಯವೆನಿಸುವುದಿಲ್ಲ. ಅವನ ಅಡ್ಡಹೆಸರು ಹಿಡಿದು ನಗುವುದರಲ್ಲಿ ಆ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಎರಡನೆಯ ಸಭೆಯಲ್ಲಿ ಆರು ವರ್ಷದ ಆಸುಪಾಸಿನ ಒಂದು ಮಗುವನ್ನು ಮುಂದಕ್ಕೆ ತಳ್ಳುತ್ತಾರೆ. ಅದರ ಮುಖದ ಅರ್ಧಕ್ಕೆ ಹಿಪ್ಪುನೇರಳೆ ಬಣ್ಣದ ಹುಟ್ಟುಮಚ್ಚೆ. ರಾತ್ರಿ ಕಾಡಿನಲ್ಲಿ ಹಾವಿನಂಥದ್ದನ್ನು ಕಂಡೆ, ಅದು ಮತ್ತೆ ಬರುತ್ತದಾ ಎಂದು ಕೇಳಲು ಬಂದಿದೆ ಮಗು. ಗಟ್ಟಿಯಾಗಿ ಹೇಳಲು ಅದಕ್ಕೆ ಬಾಯೇ ಬರುವುದಿಲ್ಲ. ಪಿಗ್ಗಿ ಮಂಡಿಯೂರಿ ಕಿವಿಗೊಟ್ಟು ಕೇಳಿಸಿಕೊಂಡು ಉಳಿದವರಿಗೆ ಹೇಳುತ್ತಾನೆ. ಹುಡುಗರು ನಗುತ್ತಾರೆ. ಅಂಥ ಮೃಗ ಇಲ್ಲ ಎಂದು ರಾಲ್ಫ್ ಹೇಳುತ್ತಾನೆ. ಇದ್ದರೆ ಬೇಟೆಯಾಡುತ್ತೇವೆ ಎಂದು ಜ್ಯಾಕ್ ಹೇಳುತ್ತಾನೆ. ಮಗುವಿನ ಭಯಕ್ಕೆ ಎರಡೂ ಉತ್ತರವಲ್ಲ.

ಹಡಗುಗಳಿಗೆ ಹೊಗೆ ಕಾಣಬೇಕು, ಬೆಟ್ಟದ ಮೇಲೆ ಬೆಂಕಿ ಹಾಕೋಣ ಎನ್ನುತ್ತಾನೆ ರಾಲ್ಫ್. ಮಾತು ಮುಗಿಯುವುದರೊಳಗೆ ಎಲ್ಲರೂ ಎದ್ದು ಓಡುತ್ತಾರೆ. ಪಿಗ್ಗಿಯ ಕನ್ನಡಕ ಕಿತ್ತುಕೊಂಡು ಬಿಸಿಲು ಹಿಡಿದು ಬೆಂಕಿ ಹೊತ್ತಿಸುತ್ತಾರೆ. (ಗೋಲ್ಡಿಂಗ್ ಇಲ್ಲಿ ಎಡವಿದ್ದಾರೆ. ಪಿಗ್ಗಿಗೆ ಇರುವುದು ಸಮೀಪದೃಷ್ಟಿ ದೋಷ, ಅದಕ್ಕೆ ಬಳಸುವುದು ನಿಮ್ನ ಮಸೂರ. ಅದು ಬೆಳಕನ್ನು ಚದುರಿಸುತ್ತದೆಯೇ ಹೊರತು ಒಂದೆಡೆ ಕೂಡಿಸುವುದಿಲ್ಲ.) ಒಣಗಿದ ಮರ, ಬೀಸುವ ಗಾಳಿ, ಬೆಂಕಿ ಕೈಮೀರಿ ಕೆಳಗಿನ ಕಾಡಿಗೆ ಹಬ್ಬುತ್ತದೆ. ಹುಡುಗರು ಕೇಕೆ ಹಾಕಿ ನೋಡುತ್ತಾರೆ. ಆಗ ಪಿಗ್ಗಿ ಕೇಳುತ್ತಾನೆ, ಮುಖದ ಮೇಲೆ ಮಚ್ಚೆಯಿದ್ದ ಆ ಚಿಕ್ಕವನೆಲ್ಲಿ? ಯಾರ ಬಾಯಿಂದಲೂ ಉತ್ತರ ಬರುವುದಿಲ್ಲ. ವಾಪಸು ಹೋಗಿರಬಹುದೇನೋ ಎಂದು ರಾಲ್ಫ್ ತೊದಲುತ್ತಾನೆ. ಆ ಮಗು ಮತ್ತೆ ಕಾದಂಬರಿಯಲ್ಲಿ ಎಲ್ಲೂ ಕಾಣಿಸಿಕೊಳ್ಳುವುದಿಲ್ಲ. ಅದರ ಹೆಸರು ಏನೆಂದು ನಮಗೂ ಗೊತ್ತಾಗುವುದಿಲ್ಲ.

ದ್ವೀಪದ ಮೊದಲ ಸಾವು ಇದು. ಈ ಹೊತ್ತಿಗೆ ಯಾರೂ ಮುಖಕ್ಕೆ ಬಣ್ಣ ಬಳಿದುಕೊಂಡಿಲ್ಲ, ಒಂದು ಹಂದಿಯನ್ನೂ ಕೊಂದಿಲ್ಲ. ಸಿಕ್ಕಿದ ಹಂದಿಮರಿಯ ಮೇಲೆ ಎತ್ತಿದ ಚಾಕುವನ್ನು ಇಳಿಸಲಾರದೆ ಜ್ಯಾಕ್ ಕೈಬಿಟ್ಟಿದ್ದಾನೆ. ಅಧಿಕಾರ ಇರುವುದು ಒಳ್ಳೆಯ ಹುಡುಗ ರಾಲ್ಫ್ ಕೈಯಲ್ಲಿ. ಬೆಂಕಿ ಹಾಕಿದ್ದು ಒಳ್ಳೆಯ ಉದ್ದೇಶಕ್ಕೆ. ಹುಡುಗರು ಕೇಡಿಗರಾಗಿದ್ದಕ್ಕೆ ಆ ಮಗು ಸಾಯಲಿಲ್ಲ. ಅದು ಅವರ ಲೆಕ್ಕದಲ್ಲಿ ಇಲ್ಲದ್ದಕ್ಕೆ ಸತ್ತಿತು. ಮುಂದೆ ನಡೆಯುವ ಕೊಲೆಗಳೆಲ್ಲ ಈ ಸಾವನ್ನು ಯಾರೂ ಬಾಯಿಬಿಟ್ಟು ಒಪ್ಪಿಕೊಳ್ಳದ ನೆಲದ ಮೇಲೆ ಬೆಳೆದವು ಎಂದೇ ನಾನು ಓದುತ್ತೇನೆ.

ಆಮೇಲೆ ಪೈಪೋಟಿ ಶುರು. ರಾಲ್ಫ್‌ಗೆ ಗುಡಿಸಲು ಕಟ್ಟಬೇಕು, ಚಿಕ್ಕವರು ರಾತ್ರಿ ಬೆಚ್ಚಿಬಿದ್ದು ಅಳುತ್ತಾರೆ. ಅವನ ಜೊತೆ ಕೆಲಸಕ್ಕೆ ನಿಲ್ಲುವುದು ಸೈಮನ್ ಎಂಬ ಹುಡುಗನೊಬ್ಬನೇ. ಜ್ಯಾಕ್‌ಗೆ ಮಾಂಸ ತರಬೇಕು. ಇಬ್ಬರೂ ತಮ್ಮ ಕೆಲಸವೇ ದೊಡ್ಡದು ಎಂದು ನಂಬಿದ್ದಾರೆ, ಇಬ್ಬರ ಮಾತಿನಲ್ಲೂ ನಿಜವಿದೆ. ಒಂದು ದಿನ ದೂರದಲ್ಲಿ ಹಡಗಿನ ಹೊಗೆ ಕಾಣುತ್ತದೆ. ಅಷ್ಟರಲ್ಲಿ ಬೆಟ್ಟದ ಬೆಂಕಿ ಆರಿಹೋಗಿದೆ, ಏಕೆಂದರೆ ಅದನ್ನು ಕಾಯಬೇಕಾದ ಅವಳಿ ಹುಡುಗರನ್ನು ಜ್ಯಾಕ್ ಬೇಟೆಗೆ ಕರೆದೊಯ್ದಿದ್ದಾನೆ. ಮೊದಲ ಹಂದಿಯನ್ನು ಹೊತ್ತು ಕುಣಿಯುತ್ತಾ ಬೇಟೆಗಾರರು ಬರುತ್ತಾರೆ. ರಾಲ್ಫ್ ಬೆಂಕಿ ಆರಿದ್ದನ್ನಷ್ಟೇ ಹೇಳುತ್ತಾನೆ. ಜ್ಯಾಕ್‌ಗೆ ತನ್ನ ತಪ್ಪು ಗೊತ್ತು. ಆದರೆ ಅವನ ಏಟು ಬೀಳುವುದು ರಾಲ್ಫ್ ಮೇಲಲ್ಲ, ಪಿಗ್ಗಿಯ ಮೇಲೆ. ಕನ್ನಡಕದ ಒಂದು ಗಾಜು ಒಡೆಯುತ್ತದೆ. ಸಮಬಲರ ಜಗಳದ ಪೆಟ್ಟು ಪಕ್ಕದಲ್ಲಿ ನಿಂತ ದುರ್ಬಲನಿಗೆ ಬೀಳುವುದನ್ನು ನಾವು ಶಾಲೆಯಲ್ಲೂ ಮನೆಯಲ್ಲೂ ಕಂಡಿದ್ದೇವೆ.

ರೋಜರ್ ಎಂಬ ಮೌನಿ ಹುಡುಗನದ್ದು ಇನ್ನೊಂದು ದೃಶ್ಯ. ಮರಳಲ್ಲಿ ಆಡುತ್ತಿದ್ದ ಒಬ್ಬ ಚಿಕ್ಕವನತ್ತ ಮರೆಯಲ್ಲಿ ನಿಂತು ಅವನು ಕಲ್ಲೆಸೆಯುತ್ತಾನೆ. ತಾಗದ ಹಾಗೆ ಗುರಿಯಿಟ್ಟು ಸುತ್ತಮುತ್ತ ಎಸೆಯುತ್ತಾನೆ. ಮಗುವಿನ ಸುತ್ತ ಕಾಣದ ಒಂದು ವೃತ್ತವಿದೆ. ಅಪ್ಪ, ಅಮ್ಮ, ಮೇಷ್ಟ್ರು, ಪೊಲೀಸರು, ಕಾನೂನು ಎಲ್ಲ ಸೇರಿ ಬರೆದ ವೃತ್ತ. ಅದರೊಳಗೆ ಕಲ್ಲು ಹಾಕಲು ರೋಜರ್‌ಗೆ ಇನ್ನೂ ಧೈರ್ಯವಿಲ್ಲ. ಪುಸ್ತಕದ ಕೊನೆಯ ಭಾಗದಲ್ಲಿ ಬಂಡೆಯುರುಳಿಸಿ ಪಿಗ್ಗಿಯನ್ನು ಕೊಲ್ಲುವವನು ಇದೇ ರೋಜರ್. ಶಂಖವೂ ಆಗಲೇ ಚೂರುಚೂರಾಗುತ್ತದೆ. ಆ ಕಲ್ಲಿನಿಂದ ಈ ಬಂಡೆಯವರೆಗೆ ಅವನು ಪ್ರತಿ ಬಾರಿಯೂ ಸುತ್ತ ನೋಡಿದ್ದಾನೆ, ಬೇಡ ಎನ್ನುವವರು ಯಾರೂ ಇರಲಿಲ್ಲ.

ಗೋಲ್ಡಿಂಗ್‌ಗೆ ಹುಡುಗರು ಗೊತ್ತಿದ್ದರು. 1911ರಲ್ಲಿ ಕಾರ್ನ್‌ವಾಲ್‌ನಲ್ಲಿ ಹುಟ್ಟಿದ ಅವರು ಸಾಲಿಸ್‌ಬರಿಯ ಬಿಷಪ್ ವರ್ಡ್ಸ್‌ವರ್ತ್ ಶಾಲೆಯಲ್ಲಿ ಮೇಷ್ಟ್ರಾಗಿದ್ದರು. ಆ ಶಾಲೆ ಇರುವುದೇ ಕ್ಯಾಥೆಡ್ರಲ್ ಚರ್ಚಿನ ಆವರಣದಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ನೌಕಾಪಡೆ ಸೇರಿ, 1944ರ ಜೂನ್‌ನಲ್ಲಿ ನಾರ್ಮಂಡಿಯ ದಾಳಿಯಲ್ಲಿ ರಾಕೆಟ್ ಹಾರಿಸುವ ನೌಕೆಯೊಂದರಲ್ಲಿದ್ದರು. ಸಭ್ಯರೆನಿಸಿಕೊಂಡ ದೇಶಗಳು ಏನು ಮಾಡಬಲ್ಲವು ಎನ್ನುವುದನ್ನು ನೋಡಿ ಮತ್ತೆ ತರಗತಿಗೆ ಮರಳಿದರು. ತಮ್ಮ ಮಕ್ಕಳಿಗೆ ದ್ವೀಪದ ಸಾಹಸಕಥೆಗಳನ್ನು ಓದಿ ಹೇಳುತ್ತಿದ್ದವರು ಒಂದು ರಾತ್ರಿ ಹೆಂಡತಿ ಆ್ಯನ್ ಬಳಿ, ಹುಡುಗರು ನಿಜಕ್ಕೂ ಹೇಗೆ ನಡೆದುಕೊಳ್ಳುತ್ತಾರೋ ಹಾಗೆ ಒಂದು ಕಥೆ ಬರೆದರೆ ಹೇಗೆ ಎಂದರಂತೆ. ಬರೆ ಎಂದರು ಆಕೆ. ಶಾಲೆಯ ನೋಟ್‌ಬುಕ್ಕುಗಳಲ್ಲಿ ಬರೆದರು. ಹಸ್ತಪ್ರತಿ ಹಲವು ಪ್ರಕಾಶಕರಿಂದ ವಾಪಸಾಯಿತು. ಫೇಬರ್ ಸಂಸ್ಥೆಯ ಓದುಗರೊಬ್ಬರೂ ಇದು ಕೆಲಸಕ್ಕೆ ಬಾರದ್ದು ಎಂದು ಟಿಪ್ಪಣಿ ಬರೆದಿಟ್ಟಿದ್ದರು. ಅಲ್ಲಿಗೆ ಹೊಸದಾಗಿ ಸೇರಿದ್ದ ಚಾರ್ಲ್ಸ್ ಮಾಂಟೀತ್ ಎಂಬ ಸಂಪಾದಕರು ಅದನ್ನು ಎತ್ತಿಕೊಂಡು ಓದಿ ಉಳಿಸಿದರು. ಅಣುಯುದ್ಧದ ವಿವರಗಳಿದ್ದ ಆರಂಭದ ಪುಟಗಳನ್ನು ತೆಗೆಸಿದ್ದೂ ಅವರೇ. 1983ರಲ್ಲಿ ಗೋಲ್ಡಿಂಗ್‌ಗೆ ನೊಬೆಲ್ ಬಂತು.

ಅವರು ಎದುರು ಹಾಕಿಕೊಂಡದ್ದು ಆರ್.ಎಂ. ಬ್ಯಾಲಂಟೈನ್ 1857ರ ಹೊತ್ತಿಗೆ ಬರೆದ 'ದಿ ಕೋರಲ್ ಐಲ್ಯಾಂಡ್' ಎಂಬ ಪುಸ್ತಕವನ್ನು. ಅದರಲ್ಲೂ ರಾಲ್ಫ್, ಜ್ಯಾಕ್ ಇದ್ದಾರೆ, ಜೊತೆಗೆ ಪೀಟರ್ಕಿನ್. ಮೂವರೂ ಧೈರ್ಯವಂತರು, ನಗುಮುಖದವರು, ಒಬ್ಬರಿಗೊಬ್ಬರು ಜೀವ ಕೊಡುವವರು. ಕ್ರೌರ್ಯವೆಲ್ಲ ಕಡಲ್ಗಳ್ಳರದ್ದು ಮತ್ತು ಆ ದ್ವೀಪಗಳ ಮೂಲನಿವಾಸಿಗಳದ್ದು. ಸಾಮ್ರಾಜ್ಯ ಕಟ್ಟುತ್ತಿದ್ದ ಜನಕ್ಕೆ ಹಿತವಾದ ಕಥೆ. ಕಾಡುತನ ಕಪ್ಪು ಮೈಯವರದ್ದು ಎಂದು ಓದಿ ಬೆಳೆದ ತಲೆಮಾರುಗಳಿಗೆ ಗೋಲ್ಡಿಂಗ್, ಅದು ನಿಮ್ಮ ಕಾಯರ್ ಹುಡುಗರ ಒಳಗೇ ಇದೆ ಎಂದರು. ಈ ಕಾದಂಬರಿಯ ಹರಿತ ಇರುವುದು ಇಲ್ಲಿ. ಇಡೀ ಮನುಕುಲದ ಬಗ್ಗೆ ತೀರ್ಪು ಎಂದು ಓದುವ ಮೊದಲು, ಒಂದು ನಿರ್ದಿಷ್ಟ ವರ್ಗ, ಒಂದು ನಿರ್ದಿಷ್ಟ ಶಾಲಾ ಪದ್ಧತಿ ಬೆಳೆಸಿದ ಹುಡುಗರ ಕಥೆ ಎಂದು ಇದನ್ನು ಓದಬೇಕು. ಸಾಲಿನಲ್ಲಿ ನಿಲ್ಲುವುದು, ಮೇಲಿನವನ ಮಾತಿಗೆ ಕೈ ಎತ್ತುವುದು, ಕೆಳಗಿನವನನ್ನು ಅಡ್ಡಹೆಸರಿಂದ ಕರೆಯುವುದು, ಇವೆಲ್ಲ ದ್ವೀಪದಲ್ಲಿ ಕಲಿತದ್ದಲ್ಲ. ವಿಮಾನದಲ್ಲಿ ಜೊತೆಗೆ ಬಂದದ್ದು.

ಗೋಲ್ಡಿಂಗ್‌ಗಿಂತ ಬಹಳ ಮೊದಲೇ, 1888ರಲ್ಲಿ, ಜೂಲ್ಸ್ ವರ್ನ್ ದ್ವೀಪದ ಹುಡುಗರೊಳಗೆ ಪೈಪೋಟಿಯನ್ನು ತಂದಿದ್ದರು. ಅವರ 'ಎರಡು ವರ್ಷದ ರಜೆ' ಎಂಬ ಫ್ರೆಂಚ್ ಕಾದಂಬರಿಯಲ್ಲಿ ಆಕ್ಲೆಂಡಿನ ವಸತಿ ಶಾಲೆಯೊಂದರ ಹದಿನಾಲ್ಕು ವಿದ್ಯಾರ್ಥಿಗಳೂ ಮೋಕೋ ಎಂಬ ಹಡಗಿನ ಹುಡುಗನೂ ನಿರ್ಜನ ದ್ವೀಪಕ್ಕೆ ಬಂದು ಬೀಳುತ್ತಾರೆ. ಫ್ರೆಂಚ್ ಹುಡುಗ ಬ್ರಿಯಾನ್, ಇಂಗ್ಲಿಷ್ ಹುಡುಗ ಡೊನಿಫಾನ್ ನಡುವೆ ಮೊದಲ ದಿನದಿಂದ ಮುಸುಕಿನ ಗುದ್ದಾಟ. ಚುನಾವಣೆ ನಡೆಯುತ್ತದೆ, ಸೋತ ಡೊನಿಫಾನ್ ಮೂವರನ್ನು ಕಟ್ಟಿಕೊಂಡು ಬೇರೆ ಹೋಗುತ್ತಾನೆ. ಆದರೆ ಜಗ್ವಾರ್ ಮೇಲೆರಗಿದಾಗ ಅವನನ್ನು ಉಳಿಸುವವನು ಬ್ರಿಯಾನ್. ಅಲ್ಲಿಗೆ ಜಗಳ ಮುಗಿಯುತ್ತದೆ. ವರ್ನ್‌ಗೆ ಮಕ್ಕಳ ಮೇಲೆ ಭರವಸೆ ಇತ್ತು. ಆದರೂ ಆ ಪುಸ್ತಕದಲ್ಲಿ ಒಂದು ಸಾಲು ಇಂದಿನ ಓದುಗರ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ: ಅಡುಗೆಯಿಂದ ಹಿಡಿದು ದೋಣಿಯವರೆಗೆ ದುಡಿಯುವ ಮೋಕೋಗೆ ಮತದ ಹಕ್ಕಿಲ್ಲ, ಕಾರಣ ಅವನು ಕರಿಯ. ಲೇಖಕರು ಅದನ್ನು ಸಹಜವೆಂಬಂತೆ ಹೇಳಿ ಮುಂದೆ ಹೋಗುತ್ತಾರೆ. ಸೌಹಾರ್ದದ ಆ ದ್ವೀಪದಲ್ಲೂ ಒಬ್ಬ ಲೆಕ್ಕದಿಂದ ಹೊರಗೆ.

ರಿಚರ್ಡ್ ಹ್ಯೂಸ್ 1929ರಲ್ಲಿ ಕಡಲ್ಗಳ್ಳರ ಕೈಗೆ ಸಿಕ್ಕ ಮಕ್ಕಳ ಕಥೆ ಬರೆದರು. ಅಲ್ಲಿ ಕೊಲೆ ಮಾಡುವುದು ಒಬ್ಬ ಪುಟ್ಟ ಹುಡುಗಿ, ನೇಣಿಗೇರುವುದು ಕಳ್ಳರು. ಜಪಾನಿನ ಕೌಶುನ್ ತಕಾಮಿ 1999ರಲ್ಲಿ 'ಬ್ಯಾಟಲ್ ರಾಯಲ್' ಬರೆದಾಗ, ಮಕ್ಕಳು ಒಬ್ಬರನ್ನೊಬ್ಬರು ಕೊಲ್ಲುವಂತೆ ದ್ವೀಪಕ್ಕೆ ತಂದುಬಿಡುವುದು ಸರ್ಕಾರವೇ. ಎರಡೂ ಓದಲೇಬೇಕಾದವು, ಆದರೆ ಮಕ್ಕಳು ನಿಜಕ್ಕೂ ಹೀಗೆಯೇ ನಡೆದುಕೊಳ್ಳುತ್ತಾರಾ ಎಂಬ ನನ್ನ ಪ್ರಶ್ನೆಗೆ ಉತ್ತರ ಸಿಗುವುದು ಕಥೆಗಳ ಹೊರಗೆ.

ಗೋಲ್ಡಿಂಗ್ ಕಾದಂಬರಿ ಪ್ರಕಟವಾದ ವರ್ಷವೇ, 1954ರ ಬೇಸಿಗೆಯಲ್ಲಿ, ಅಮೆರಿಕದ ಓಕ್ಲಹೋಮದ ರಾಬರ್ಸ್ ಕೇವ್ ಉದ್ಯಾನದಲ್ಲಿ ಸಾಮಾಜಿಕ ಮನೋವಿಜ್ಞಾನಿ ಮುಜಫರ್ ಶೆರೀಫ್ ಹನ್ನೊಂದು-ಹನ್ನೆರಡರ 22 ಹುಡುಗರನ್ನು ಶಿಬಿರಕ್ಕೆ ಕರೆದೊಯ್ದರು. ಹುಡುಗರಿಗೆ ಮೊದಲು ಪರಸ್ಪರ ಪರಿಚಯವಿರಲಿಲ್ಲ. ಎರಡು ಗುಂಪು ಮಾಡಿ, ಒಂದರ ಸುದ್ದಿ ಇನ್ನೊಂದಕ್ಕೆ ಗೊತ್ತಾಗದಂತೆ ಕೆಲವು ದಿನ ಬೇರೆ ಬೇರೆ ಇಟ್ಟು, ಆಮೇಲೆ ಬೇಸ್‌ಬಾಲ್, ಹಗ್ಗಜಗ್ಗಾಟಗಳಲ್ಲಿ ಎದುರುಬದುರು ನಿಲ್ಲಿಸಿದರು. ಗೆದ್ದವರಿಗೆ ಚಾಕುಗಳ ಬಹುಮಾನ. ಸೋತ ಗುಂಪು ಗೆದ್ದವರ ಬಾವುಟ ಸುಟ್ಟಿತು. ರಾತ್ರಿ ಬಿಡಾರಗಳ ಮೇಲೆ ದಾಳಿ ನಡೆಯಿತು. ಗೋಲ್ಡಿಂಗ್ ಹೇಳಿದ್ದೇ ನಿಜ ಎನ್ನಲು ಇಷ್ಟು ಸಾಕು ಎನಿಸುತ್ತದೆ.

ಆದರೆ ಶೆರೀಫ್ ಅಲ್ಲಿಗೆ ನಿಲ್ಲಿಸಲಿಲ್ಲ. ಶಿಬಿರದ ನೀರು ನಿಂತಿತು, ಎರಡೂ ಗುಂಪು ಸೇರಿ ದೋಷ ಹುಡುಕಬೇಕಾಯಿತು. ಊಟ ತರುವ ಲಾರಿ ಕೆಟ್ಟು ನಿಂತಿತು. ಹಗ್ಗಜಗ್ಗಾಟದಲ್ಲಿ ಎದುರಾಳಿಗಳಾಗಿ ಎಳೆದಿದ್ದ ಅದೇ ಹಗ್ಗವನ್ನು ಲಾರಿಗೆ ಕಟ್ಟಿ ಎಲ್ಲರೂ ಒಂದೇ ಕಡೆ ನಿಂತು ಎಳೆದರು. ಶಿಬಿರ ಮುಗಿದಾಗ ಒಂದೇ ಬಸ್ಸಿನಲ್ಲಿ ಹೋಗುತ್ತೇವೆ ಎಂದವರು ಹುಡುಗರೇ. ಒಂದು ಗುಂಪು ತನ್ನ ಬಹುಮಾನದ ಐದು ಡಾಲರನ್ನು ದಾರಿಯಲ್ಲಿ ಎಲ್ಲರ ತಿಂಡಿತೀರ್ಥಕ್ಕೆ ಖರ್ಚು ಮಾಡಿತು.

ಇದಕ್ಕೂ ಹಿಂದಿನ ವರ್ಷ, 1953ರಲ್ಲಿ, ನ್ಯೂಯಾರ್ಕ್ ರಾಜ್ಯದ ಮಿಡಲ್ ಗ್ರೋವ್‌ನಲ್ಲಿ ಶೆರೀಫ್ ಇಂಥದ್ದೇ ಪ್ರಯೋಗ ಮಾಡಿ ಕೈಸುಟ್ಟುಕೊಂಡಿದ್ದರು. ಅಲ್ಲಿ ಹುಡುಗರನ್ನು ಮೊದಲು ಒಟ್ಟಿಗೆ ಬಿಟ್ಟು, ಸ್ನೇಹವಾದ ಮೇಲೆ ಎರಡು ಪಾಲು ಮಾಡಿದ್ದರು. ಸಿಬ್ಬಂದಿ ಕದ್ದುಮುಚ್ಚಿ ಎಷ್ಟು ಕಿತಾಪತಿ ಮಾಡಿದರೂ ಹುಡುಗರು ಕಾದಾಡಲಿಲ್ಲ, ಸಂಶಯಪಟ್ಟದ್ದು ದೊಡ್ಡವರ ಮೇಲೆ. ಪ್ರಯೋಗವನ್ನು ಅರ್ಧಕ್ಕೆ ಕೈಬಿಡಬೇಕಾಯಿತು. ಬಹುಕಾಲ ಮರೆಯಲ್ಲಿದ್ದ ಈ ಕಥೆಯನ್ನು ಆಸ್ಟ್ರೇಲಿಯಾದ ಲೇಖಕಿ ಜೀನಾ ಪೆರಿ 2018ರಲ್ಲಿ ಪುಸ್ತಕವಾಗಿ ಬರೆದರು. ನನಗೆ ರಾಬರ್ಸ್ ಕೇವ್‌ಗಿಂತ ಈ ಸೋತ ಪ್ರಯೋಗವೇ ಹೆಚ್ಚು ಹೇಳುತ್ತದೆ. ಒಬ್ಬರನ್ನೊಬ್ಬರು ಬಲ್ಲ ಹುಡುಗರನ್ನು ಎತ್ತಿಕಟ್ಟುವುದು ಸುಲಭವಿರಲಿಲ್ಲ.

ಟೋಂಗಾದ ಹುಡುಗರದ್ದೂ ಇದೇ ಪಾಠ. 1965ರ ಜೂನ್‌ನಲ್ಲಿ, ಪೆಸಿಫಿಕ್ ಸಾಗರದ ಟೋಂಗಾ ದೇಶದ ರಾಜಧಾನಿ ನುಕುಅಲೋಫಾದ ಶಾಲೆಯ ಆರು ಹುಡುಗರು ಬೇಸತ್ತು ಒಂದು ದೋಣಿ ಕದ್ದು ಹೊರಟರು. ಬಿರುಗಾಳಿ ಹಾಯಿಯನ್ನೂ ಚುಕ್ಕಾಣಿಯನ್ನೂ ಮುರಿಯಿತು. ಎಂಟು ದಿನ ತೇಲಿ ಅಟಾ ಎಂಬ ಬಂಡೆದ್ವೀಪ ಸೇರಿದರು. ಅಲ್ಲಿ ಹದಿನೈದು ತಿಂಗಳು ಇದ್ದರು. 1966ರ ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯಾದ ನಾವಿಕ ಪೀಟರ್ ವಾರ್ನರ್ ಕಣ್ಣಿಗೆ ಬಿದ್ದು ಪಾರಾದಾಗ ಆರಕ್ಕೆ ಆರೂ ಜನ ಗಟ್ಟಿಮುಟ್ಟಾಗಿದ್ದರು. ಇಬ್ಬಿಬ್ಬರ ಜೋಡಿ ಮಾಡಿಕೊಂಡು ತೋಟ, ಅಡುಗೆ, ಕಾವಲು ಹಂಚಿಕೊಂಡಿದ್ದರು. ಮರದ ಬೊಡ್ಡೆ ಕೊರೆದು ಮಳೆನೀರು ಹಿಡಿದಿದ್ದರು. ಹೊತ್ತಿಸಿದ ಬೆಂಕಿಯನ್ನು ಒಂದು ವರ್ಷಕ್ಕೂ ಹೆಚ್ಚು ಕಾಲ ಆರಲು ಬಿಟ್ಟಿರಲಿಲ್ಲ. ಒಬ್ಬ ಬಂಡೆಯಿಂದ ಬಿದ್ದು ಕಾಲು ಮುರಿದುಕೊಂಡಾಗ ಕೋಲು, ಎಲೆ ಕಟ್ಟಿ ಕೂರಿಸಿದರು. ಅವನ ಪಾಲಿನ ಕೆಲಸವನ್ನು ಉಳಿದವರು ಮಾಡಿದರು. ಒಡೆದ ದೋಣಿಯ ತಂತಿ, ತೆಂಗಿನ ಕರಟ, ತೇಲಿಬಂದ ಮರದಿಂದ ಗಿಟಾರ್ ಮಾಡಿಕೊಂಡಿದ್ದರು.

ಜಗಳ ಬರಲಿಲ್ಲವೆಂದಲ್ಲ. ಬಂದಾಗ ಜಗಳವಾಡಿದ ಇಬ್ಬರೂ ದ್ವೀಪದ ಒಂದೊಂದು ಕೊನೆಗೆ ಹೋಗಿ ಸಿಟ್ಟು ಇಳಿಯುವವರೆಗೆ ಇರಬೇಕು, ಆಮೇಲೆ ಉಳಿದವರು ಕರೆತಂದು ಕ್ಷಮೆ ಕೇಳಿಸಬೇಕು ಎಂಬ ಕಟ್ಟಳೆ ಇತ್ತು. ಡಚ್ ಲೇಖಕ ರುಟ್ಗರ್ ಬ್ರೆಗ್‌ಮನ್ ಈ ಘಟನೆಯನ್ನು ತಮ್ಮ ಪುಸ್ತಕದಲ್ಲಿ ಬರೆದ ಮೇಲೆ 2020ರಲ್ಲಿ ಜಗತ್ತಿನಾದ್ಯಂತ ಸುದ್ದಿಯಾಯಿತು. ಗೋಲ್ಡಿಂಗ್ ಹೇಳಿದ್ದು ಸುಳ್ಳು ಎಂದು ಬಹಳ ಜನ ಬರೆದರು.

ಅಷ್ಟು ಸರಳವಲ್ಲ. ಟೋಂಗಾದವರು ಆರೇ ಜನ, ಎಲ್ಲರೂ ಹದಿಹರೆಯದವರು, ಒಂದೇ ಶಾಲೆಯ ಗೆಳೆಯರು, ದುಡಿಮೆ ಬಲ್ಲವರು, ದಿನ ಶುರುಮಾಡಿ ಮುಗಿಸುತ್ತಿದ್ದದ್ದೇ ಒಟ್ಟಿಗೆ ಹಾಡು ಪ್ರಾರ್ಥನೆಯಿಂದ. ಅವರಲ್ಲಿ ಯಾರೂ ಆಗಲೇ ಒಂದು ಸೈನ್ಯದೊಂದಿಗೆ ಬಂದಿರಲಿಲ್ಲ. ಅವರ ನಡುವೆ ಆರು ವರ್ಷದ ಮಕ್ಕಳಿರಲಿಲ್ಲ. ಆ ದ್ವೀಪವೇ ಖಾಲಿ ಬಿದ್ದಿದ್ದರ ಹಿಂದೆಯೂ ಒಂದು ಕಥೆ ಇದೆ: 1863ರಲ್ಲಿ ಗುಲಾಮರ ವ್ಯಾಪಾರಿಗಳ ಹಡಗೊಂದು ಬಂದು ಅಲ್ಲಿನ ನೂರಕ್ಕೂ ಹೆಚ್ಚು ಜನರನ್ನು ಮೋಸದಿಂದ ಹೊತ್ತೊಯ್ದಿತ್ತು, ಉಳಿದವರನ್ನು ಟೋಂಗಾದ ರಾಜ ಬೇರೆ ದ್ವೀಪಕ್ಕೆ ಸಾಗಿಸಿದ. ಅಟಾದಲ್ಲಿ ಕ್ರೌರ್ಯ ನಡೆಸಿದವರು ಮಕ್ಕಳಲ್ಲ, ದೊಡ್ಡವರು.

ಗೋಲ್ಡಿಂಗ್ ಕೂಡ ಕೊನೆಗೆ ಬೆರಳು ತೋರುವುದು ದೊಡ್ಡವರ ಕಡೆಗೇ. ರಾಲ್ಫ್‌ನನ್ನು ಹಿಡಿಯಲು ಜ್ಯಾಕ್‌ನ ಪಡೆ ಇಡೀ ದ್ವೀಪಕ್ಕೆ ಬೆಂಕಿಯಿಡುತ್ತದೆ. ಆ ಹೊಗೆ ನೋಡಿ ನೌಕಾಪಡೆಯ ಅಧಿಕಾರಿ ಬರುತ್ತಾನೆ, ಬ್ಯಾಲಂಟೈನ್‌ನ ಪುಸ್ತಕವನ್ನು ನೆನೆಯುತ್ತಾನೆ, ಎಷ್ಟು ಜನ ಇದ್ದೀರಿ ಎಂದು ಕೇಳುತ್ತಾನೆ. ರಾಲ್ಫ್ ತಲೆಯಾಡಿಸುತ್ತಾನೆ, ಅವನಿಗೆ ಗೊತ್ತಿಲ್ಲ. ಪರ್ಸಿವಲ್ ಎಂಬ ಪುಟ್ಟ ಹುಡುಗ ತನ್ನ ಹೆಸರು, ವಿಳಾಸ ಹೇಳಲು ಮುಂದೆ ಬರುತ್ತಾನೆ. ಮಂತ್ರದಂತೆ ಹೇಳಿಕೊಂಡಿದ್ದ ಆ ವಿಳಾಸ ಈಗ ಬಾಯಿಗೆ ಬರುವುದಿಲ್ಲ. ಬ್ರಿಟಿಷ್ ಹುಡುಗರು ಇನ್ನೂ ಚೆನ್ನಾಗಿ ನಡೆದುಕೊಳ್ಳಬಹುದಿತ್ತು ಎಂದು ಅಧಿಕಾರಿ ಬೇಸರಪಡುತ್ತಾನೆ. ಸೊಂಟದಲ್ಲಿ ರಿವಾಲ್ವರ್, ದೂರದಲ್ಲಿ ಯುದ್ಧನೌಕೆ. ಅವನೂ ಬೇಟೆಯ ನಡುವೆಯೇ ಇಲ್ಲಿಗೆ ಬಂದವನು.

ಈ ಕಾದಂಬರಿಯನ್ನು 1963ರಲ್ಲಿ ಚಿತ್ರ ಮಾಡಿದ ಪೀಟರ್ ಬ್ರೂಕ್, ನಟನೆ ತಿಳಿಯದ ಹುಡುಗರನ್ನು ಪೋರ್ಟೊರಿಕೊದ ದ್ವೀಪಕ್ಕೆ ಕರೆದೊಯ್ದು ತಿಂಗಳುಗಟ್ಟಲೆ ಜೊತೆಗಿದ್ದವರು. ದೊಡ್ಡವರ ಕಾವಲು ಇಲ್ಲದಿದ್ದರೆ ಕೆಡಲು ಕಾದಂಬರಿಯಲ್ಲಿರುವಷ್ಟು ಸಮಯವೂ ಬೇಕಿಲ್ಲ ಎನ್ನುವುದು ಅವರ ಅನುಭವವಾಗಿತ್ತು. ಬ್ರೂಕ್ ಬಗ್ಗೆ ಗೌರವವಿಟ್ಟುಕೊಂಡೇ ನಾನು ಅವರನ್ನು ಒಪ್ಪುವುದಿಲ್ಲ. ಟೋಂಗಾದಲ್ಲೂ ಮಿಡಲ್ ಗ್ರೋವ್‌ನಲ್ಲೂ ಮಕ್ಕಳು ತಾವೇ ಕಾವಲಾದರು.

ಇಂಗ್ಲಿಷ್ ಸಾಹಿತ್ಯ ಕಲಿಸುವ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ನನ್ನದೊಂದು ಕೋರಿಕೆ. ಈ ಕಾದಂಬರಿಯ ಮೇಲೆ ಮನುಷ್ಯ ಹುಟ್ಟಾ ಕೆಟ್ಟವನೇ, ಚರ್ಚಿಸಿ ಎಂಬ ಪ್ರಶ್ನೆಯನ್ನು ಈ ವರ್ಷ ಪಕ್ಕಕ್ಕಿಡಿ. ಬದಲಿಗೆ ಎರಡನೆಯ ಅಧ್ಯಾಯವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಿ, ಮುಖದ ಮೇಲೆ ಮಚ್ಚೆಯಿದ್ದ ಮಗು ಸತ್ತಾಗ ನಾಯಕ ಯಾರಿದ್ದ, ಅದನ್ನು ಹುಡುಕಲು ಯಾರು ಹೋದರು ಎಂದು ಕೇಳಿ.